ಪೆಟ್ಟಿಗೆಯಲ್ಲಿ ಉಳಿದ ಸುಳ್ಳುಸಾಕ್ಷಿ

ಹಿರಿಯರು ಬಿಟ್ಟುಹೋದ ಹೊಲಗದ್ದೆಗಳನ್ನೂ ಪಾತ್ರೆಪದಾರ್ಥಗಳನ್ನೂ ಮಕ್ಕಳು ಹೇಗೆ ಹಂಚಿಕೊಳ್ಳಬೇಕೆಂಬದಕ್ಕೆ ಕಾನೂನು ಉಂಟು, ಊರ ಪದ್ಧತಿಯೂ ಉಂಟು. ಆದರೆ ಅವರು ಬಿಟ್ಟುಹೋದ ಕಾಗದಪತ್ರಗಳೊಳಗೆ ಒಂದು ಸುಳ್ಳು ಸಿಕ್ಕಿದರೆ ಅದನ್ನು ಏನು ಮಾಡತಕ್ಕದ್ದೆಂಬದಕ್ಕೆ ಯಾವ ಕಾನೂನೂ ಇಲ್ಲ. ಆ ಸುಳ್ಳನ್ನು ಹುಟ್ಟಿಸಿದವರು ಆ ಹಿರಿಯರಲ್ಲ. ಅವರು ಅದನ್ನು ನಂಬಿದರು, ಕತ್ತರಿಸಿದರು, ಜೋಪಾನವಾಗಿ ಇಟ್ಟರು, ಅಷ್ಟೇ. ಹಾಗಾದರೆ ಅದರಲ್ಲಿ ಅವರ ಪಾಲು ಎಷ್ಟು? ಅದನ್ನು ಈಗ ಕೈಯಲ್ಲಿ ಹಿಡಿದಿರುವ ಮೊಮ್ಮಕ್ಕಳ ಪಾಲು ಎಷ್ಟು? ಅದನ್ನು ಸುಡಬೇಕೋ, ಇಡಬೇಕೋ? ಇದು ಯಾವ ಕೋರ್ಟಿಗೂ ಹೋಗದೆ ಮನಸ್ಸಾಕ್ಷಿಯ ಮುಂದೆ ಮಾತ್ರ ವಿಚಾರಣೆಗೆ ಬರತಕ್ಕ ವ್ಯಾಜ್ಯವಾಗಿದೆ. ನೂರು ವರುಷಗಳಿಗೂ ಹಿಂದಿನ ಯುದ್ಧಕಾಲದ ಒಂದು ವರ್ತಮಾನಪತ್ರದ ತುಂಡನ್ನು ಮುಂದಿಟ್ಟುಕೊಂಡು ಈ ವ್ಯಾಜ್ಯವನ್ನು ನಾವು ಈ ತಿಂಗಳು ವಿಚಾರಿಸೋಣ.

ನಮ್ಮ ಹಳ್ಳಿಯ ಮನೆಗಳಲ್ಲಿ ಅಟ್ಟದ ಮೇಲೆಯೋ ಮಂಚದ ಕೆಳಗೋ ಒಂದು ತಗಡಿನ ಪೆಟ್ಟಿಗೆ ಇರುವದುಂಟು. ಭೂಮಿಯ ಪತ್ರ, ದೀಕ್ಷಾಸ್ನಾನದ ಚೀಟಿ, ದೂರ ಹೋದ ಮಗನ ಕಾಗದ, ಸತ್ತವರ ಪಟ, ಇವೆಲ್ಲಾ ಅದರೊಳಗೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತವೆ. ಇಂಗ್ಲೆಂಡ್ ದೇಶದ ಮನೆಗಳಲ್ಲಿಯೂ ಇಂಥಾ ಪೆಟ್ಟಿಗೆಗಳು ಉಂಟು. ೧೯೧೪ರಿಂದ ೧೯೧೮ರ ವರೆಗೆ ನಡೆದ ಮಹಾಯುದ್ಧದಲ್ಲಿ ಮಡಿದವರ ಮನೆಯವರಿಗೆ ಅಲ್ಲಿಯ ಸರಕಾರವು ಸತ್ತವನ ಹೆಸರನ್ನು ಎತ್ತಿ ಮೂಡಿಸಿದ ಒಂದೊಂದು ಕಂಚಿನ ಫಲಕವನ್ನು ಕಳುಹಿಸಿತು. ಅಂಥಾ ಫಲಕಗಳು ಆ ಸಾಮ್ರಾಜ್ಯದಲ್ಲೆಲ್ಲಾ ಹದಿಮೂರು ಲಕ್ಷಕ್ಕೂ ಮಿಕ್ಕಿ ಹಂಚಲ್ಪಟ್ಟವು. ಆ ಫಲಕದ ಬಳಿಯಲ್ಲಿ ಮಗನು ರಣರಂಗದಿಂದ ಸೀಸದಕಡ್ಡಿಯಲ್ಲಿ ಬರೆದ ಕಾಗದಗಳೂ, ಅವುಗಳ ಬಳಿಯಲ್ಲಿ ಆ ಕಾಲದ ವರ್ತಮಾನಪತ್ರಗಳಿಂದ ಕತ್ತರಿಸಿದ ತುಂಡುಗಳೂ ಸೇರಿಕೊಂಡವು. ಆ ತುಂಡುಗಳಲ್ಲಿ ಕೆಲವು ಸತ್ಯ, ಕೆಲವು ಅರೆಸತ್ಯ, ಕೆಲವು ಶುದ್ಧ ಸುಳ್ಳು. ಆದರೆ ಕತ್ತರಿಗೆ ಈ ಭೇದವು ತಿಳಿಯುವದಿಲ್ಲ.

ವರ್ತಮಾನಪತ್ರದ ಕಾಗದವು ಅಗ್ಗದ ಕಾಗದ. ಮರವನ್ನು ಅರೆದು ಮಾಡಿದ ಆ ಕಾಗದದಲ್ಲಿ ಮರದೊಳಗಿನ ಅಂಟಿನಂಥಾ ಒಂದು ಪದಾರ್ಥವು ಉಳಿದಿರುವದರಿಂದ, ಗಾಳಿಯೂ ಬೆಳಕೂ ತಗಲಿದ ಹಾಗೆಲ್ಲಾ ಅದು ಹಳದಿಯಾಗಿ, ಹುಳಿಗಟ್ಟಿ, ಕಡೆಗೆ ಒಣಗಿದ ಬಾಳೆಯೆಲೆಯಂತೆ ಮುಟ್ಟಿದರೆ ಮುರಿಯುತ್ತದೆ. ಇಷ್ಟೇ ಆಗಿದ್ದರೆ ಚಿಂತೆಯಿಲ್ಲ. ಆ ಹುಳಿಯು ತನಗೆ ತಾಗಿಕೊಂಡಿರುವ ಒಳ್ಳೇ ಕಾಗದಕ್ಕೂ ಇಳಿಯುತ್ತದೆ. ಮಗನ ಕಾಗದದ ಮೇಲೆ ಐವತ್ತು ವರುಷ ಬಿದ್ದುಕೊಂಡಿದ್ದ ಪತ್ರಿಕೆಯ ತುಂಡನ್ನು ಎತ್ತಿ ನೋಡಿದರೆ, ಆ ತುಂಡಿನ ಆಕಾರವೇ ಕಂದುಬಣ್ಣದ ಕಲೆಯಾಗಿ ಕಾಗದದಲ್ಲಿ ಮೂಡಿರುತ್ತದೆ. ಹಳೇ ದಾಖಲೆಗಳನ್ನು ಕಾಪಾಡುವವರು ಇದನ್ನು ಚೆನ್ನಾಗಿ ಬಲ್ಲರು. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಲಿ. ಮುಂದೆ ನಾವು ಹೇಳಬೇಕಾದದ್ದಕ್ಕೆ ಇದು ತಕ್ಕ ದೃಷ್ಟಾಂತವಾಗಿದೆ.

ನಾವು ವಿಚಾರಿಸಬೇಕೆಂದಿರುವ ತುಂಡು ೧೯೧೭ನೇ ಇಸವಿಯ ಎಪ್ರಿಲ್ ತಿಂಗಳಿನದು. ಆ ತಿಂಗಳ ೧೦ನೇ ತಾರೀಕಿನಲ್ಲಿ ಬರ್ಲಿನ್ ಪಟ್ಟಣದ ‘ಲೋಕಲ್ ಆಂಟ್ಸೈಗರ್’ ಎಂಬ ಪತ್ರಿಕೆಯಲ್ಲಿ ಅದರ ಬಾತ್ಮೀದಾರನೊಬ್ಬನು, ಫ್ರಾನ್ಸ್ ದೇಶದ ರೈಮ್ಸ್ ಪಟ್ಟಣದ ಉತ್ತರಕ್ಕೆ ಹೋಗುವಾಗ ಗಾಳಿಯಲ್ಲಿ ಕೆಟ್ಟ ವಾಸನೆ ಬಂತೆಂದೂ, ಅದು ಜರ್ಮನ್ ಸೈನ್ಯದವರು ನಡಿಸುವ ಒಂದು ದೊಡ್ಡ ಕಾರ್ಖಾನೆಯ ವಾಸನೆಯೆಂದೂ, ಅಲ್ಲಿ ಕೊಬ್ಬಿನಿಂದ ಯಂತ್ರಕ್ಕೆ ಹಾಕುವ ಎಣ್ಣೆಯನ್ನೂ, ಮಿಕ್ಕದ್ದರಿಂದ ಹಂದಿಗಳ ಮೇವನ್ನೂ ಗೊಬ್ಬರವನ್ನೂ ಮಾಡುತ್ತಾರೆಂದೂ ಬರೆದನು. ಆ ಕಾರ್ಖಾನೆಯ ಹೆಸರಿನಲ್ಲಿ ‘ಕಾಡಾವರ್’ ಎಂಬ ಒಂದು ಮಾತು ಇತ್ತು. ಜರ್ಮನ್ ಭಾಷೆಯಲ್ಲಿ ಸತ್ತ ಪ್ರಾಣಿಯ ದೇಹಕ್ಕೆ ಸಾಮಾನ್ಯವಾಗಿ ಈ ಹೆಸರು; ಮನುಷ್ಯನ ಶವಕ್ಕೆ ‘ಲೈಖೆ’ ಎಂಬ ಬೇರೆ ಮಾತು ಉಂಟು. ರಣರಂಗದಲ್ಲಿ ಕುದುರೆಗಳು ಸಾವಿರಾರು ಸಾಯುತ್ತಿದ್ದವು. ಇಂಗ್ಲಿಷರು ಸಮುದ್ರವನ್ನು ಮುಚ್ಚಿಬಿಟ್ಟದ್ದರಿಂದ ಜರ್ಮನಿಯಲ್ಲಿ ಕೊಬ್ಬಿಗೂ ಎಣ್ಣೆಗೂ ಬಹಳ ಬರ ಬಂದಿತ್ತು. ಆದಕಾರಣ ಸತ್ತ ಕುದುರೆಗಳನ್ನು ಬೇಯಿಸಿ ಕೊಬ್ಬು ತೆಗೆಯುತ್ತಿದ್ದರು.

ಏಳು ದಿವಸಗಳಾದ ಮೇಲೆ, ಅಂದರೆ ಎಪ್ರಿಲ್ ೧೭ರಲ್ಲಿ, ಲಂಡನಿನ ‘ದಿ ಟೈಮ್ಸ್’ ಮತ್ತು ‘ಡೈಲಿ ಮೇಲ್’ ಎಂಬ ಪತ್ರಿಕೆಗಳು ಇದನ್ನು ಇಂಗ್ಲಿಷಿಗೆ ತಿರುಗಿಸಿ ಅಚ್ಚುಹಾಕಿದವು. ದೇಶಬಿಟ್ಟು ಓಡಿಹೋಗಿದ್ದ ಬೆಲ್ಜಿಯಮಿನವರ ಪತ್ರಿಕೆಯಲ್ಲಿ ಬಂದಿದ್ದ ಮತ್ತೊಂದು ಭಯಂಕರ ಕಥೆಯೂ ಇದಕ್ಕೆ ಜೋಡಣೆಯಾಯಿತು. ಅದರ ಪ್ರಕಾರ ಆ ಕಾರ್ಖಾನೆಗೆ ರೈಲಿನಲ್ಲಿ ಬರುತ್ತಿದ್ದದ್ದು ಕುದುರೆಗಳಲ್ಲ, ಜರ್ಮನರ ಸ್ವಂತ ಸಿಪಾಯಿಗಳ ಶವಗಳು! ತಮ್ಮ ಸತ್ತವರನ್ನು ಬೇಯಿಸಿ ಕೊಬ್ಬು ತೆಗೆಯುವ ಜನಾಂಗವೆಂಬ ಮಾತು ಲೋಕದಲ್ಲೆಲ್ಲಾ ಹಬ್ಬಿತು. ಜರ್ಮನ್ ಭಾಷೆ ಬಲ್ಲವರು ಆ ಮಾತಿನ ಅರ್ಥದ ವಿಷಯದಲ್ಲಿ ಸಂಶಯವನ್ನು ಎತ್ತಿದರು. ಜರ್ಮನರು ಅಲ್ಲಗಳೆದರು, ಆದರೆ ಯುದ್ಧಕಾಲದಲ್ಲಿ ಶತ್ರುವಿನ ಮಾತನ್ನು ಕೇಳುವವರಾರು? ಅದೇ ತಿಂಗಳ ೩೦ರಲ್ಲಿ ಪಾರ್ಲಿಮೆಂಟಿನೊಳಗೆ ಈ ವಿಷಯದಲ್ಲಿ ಪ್ರಶ್ನೆ ಬಂದಾಗ, ಸರಕಾರದ ಪಕ್ಷದಿಂದ ಲಾರ್ಡ್ ರಾಬರ್ಟ್ ಸೆಸಿಲ್ ಎಂಬವರು, ಪತ್ರಿಕೆಗಳಲ್ಲಿ ಬಂದದ್ದಕ್ಕಿಂತ ಹೆಚ್ಚಿನ ಸಮಾಚಾರವು ತಮ್ಮಲ್ಲಿ ಇಲ್ಲವೆಂದೂ, ಆದರೂ ಜರ್ಮನ್ ಸೈನ್ಯಾಧಿಕಾರಿಗಳು ಮಾಡಿದ ಬೇರೆ ಕೃತ್ಯಗಳನ್ನು ನೋಡಿದರೆ ಇದು ನಂಬಲಾರದ ಸಂಗತಿಯೇನೂ ಅಲ್ಲವೆಂದೂ ಉತ್ತರಕೊಟ್ಟರು.

ಯುದ್ಧವು ಮುಗಿದು ಏಳು ವರುಷಗಳಾದವು. ೧೯೨೫ರ ಅಕ್ಟೋಬರಿನಲ್ಲಿ, ಯುದ್ಧಕಾಲದಲ್ಲಿ ಇಂಗ್ಲಿಷ್ ಸೈನ್ಯದ ಗೂಢಚಾರ ಇಲಾಖೆಯ ಮುಖ್ಯಸ್ಥರಾಗಿದ್ದ ಒಬ್ಬರು ನ್ಯೂಯಾರ್ಕಿನ ಒಂದು ಭೋಜನಕೂಟದಲ್ಲಿ ಈ ಕಥೆಯನ್ನು ತಾವೇ ಹುಟ್ಟಿಸಿದೆವೆಂದು ಹೇಳಿದರೆಂಬ ವರದಿ ಬಂತು. ಅವರು ಊರಿಗೆ ಹಿಂತಿರುಗಿ ತಾವು ಹಾಗೆ ಹೇಳಲಿಲ್ಲವೆಂದರು. ಆದರೆ ಇದರಿಂದ ಮುಚ್ಚಿದ್ದ ವಿಷಯವು ತೆರೆಯಲ್ಪಟ್ಟಿತು. ಅದೇ ವರುಷದ ದಶಂಬರ ೨ರಂದು ವಿದೇಶಾಂಗ ಮಂತ್ರಿಗಳಾದ ಸರ್ ಆಸ್ಟಿನ್ ಚೇಂಬರ್ಲೇನ್ ಎಂಬವರು ಪಾರ್ಲಿಮೆಂಟಿನಲ್ಲಿ ಎದ್ದು, ಈ ಕಥೆಗೆ ಎಂದೂ ಯಾವ ಆಧಾರವೂ ಇರಲಿಲ್ಲವೆಂದು ಜರ್ಮನ್ ಸರಕಾರವು ತಿಳಿಸಿರುವದನ್ನು ಇಂಗ್ಲಿಷ್ ಸರಕಾರವು ಅಂಗೀಕರಿಸುತ್ತದೆಂದೂ, ಈ ಸುಳ್ಳು ವರದಿಯು ಇನ್ನು ಮುಂದೆ ತಲೆಯೆತ್ತದಿರಲೆಂದೂ ಹೇಳಿದರು. ಹೀಗೆ ಒಂದು ಸುಳ್ಳು ಎಂಟು ವರುಷ ಬದುಕಿ, ರಾಜ್ಯಸಭೆಯ ಮುಂದೆ ಸತ್ತಿತು.

ಆದರೆ ಅದು ಪೆಟ್ಟಿಗೆಗಳೊಳಗೆ ಸತ್ತಿತೋ? ೧೯೧೭ರ ತುಂಡನ್ನು ಕತ್ತರಿಸಿದ ಕೈಯು ೧೯೨೫ರ ತುಂಡನ್ನೂ ಕತ್ತರಿಸಿ ಅದರ ಪಕ್ಕದಲ್ಲಿ ಇಟ್ಟಿದ್ದರೆ ಒಳ್ಳೇದಾಗಿತ್ತು. ಆದರೆ ಮನುಷ್ಯನ ಸ್ವಭಾವವನ್ನು ಬಲ್ಲವರು ಹಾಗೆ ಆಗುವದು ಅಪರೂಪವೆಂದು ಒಪ್ಪಿಕೊಳ್ಳುವರು. ಅಪವಾದಕ್ಕೆ ದೊಡ್ಡ ಅಕ್ಷರಗಳು, ಅದರ ನಿವಾರಣೆಗೆ ಚಿಕ್ಕ ಅಕ್ಷರಗಳು. ಅಪವಾದವು ಬಂದಾಗ ಮನಸ್ಸು ಕಾದಿತ್ತು. ನಿವಾರಣೆ ಬಂದಾಗ ಮನಸ್ಸು ತಣ್ಣಗಾಗಿ ಬೇರೆ ಕೆಲಸಕ್ಕೆ ಹೋಗಿತ್ತು. ಪೆಟ್ಟಿಗೆಯು ಅಪವಾದವನ್ನು ಇಟ್ಟುಕೊಂಡಿತು, ನಿವಾರಣೆಯನ್ನು ಇಟ್ಟುಕೊಳ್ಳಲಿಲ್ಲ.

ಈಗ ವ್ಯಾಜ್ಯವನ್ನು ವಿಚಾರಿಸುವ. ಮೊದಲನೆಯ ಪ್ರಶ್ನೆ: ಈ ಸುಳ್ಳು ಯಾವ ತರದ್ದು? ಆದಿಕಾಂಡದಲ್ಲಿ ಯೋಸೇಫನ ಅಣ್ಣಂದಿರ ವೃತ್ತಾಂತವನ್ನು ನಮ್ಮ ಆದಿತ್ಯವಾರದ ಶಾಲೆಯ ಮಕ್ಕಳೂ ಬಲ್ಲರು. ಅವರು ತಮ್ಮನನ್ನು ಮಾರಿ, ಅವನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ, ತಂದೆಯ ಬಳಿಗೆ ಕಳುಹಿಸಿ, ಇದು ನಿನ್ನ ಮಗನ ಅಂಗಿಯೋ ಅಲ್ಲವೋ ನೋಡೆಂದು ಕೇಳಿದರು. ಅಂಗಿಯು ನಿಜವಾದ ಅಂಗಿ. ರಕ್ತವು ನಿಜವಾದ ರಕ್ತ. ಮಗನನ್ನು ಮೃಗವು ತಿಂದಿತೆಂಬ ಮಾತನ್ನು ಆ ಅಣ್ಣಂದಿರು ಆಗ ಬಾಯಿಂದ ಆಡಬೇಕಾಗಲೇ ಇಲ್ಲ. ದುಃಖದಲ್ಲಿದ್ದ ತಂದೆಯೇ ಅದನ್ನು ಆಡಿಬಿಟ್ಟನು. ನಮ್ಮ ಪತ್ರಿಕೆಯ ತುಂಡೂ ಹೀಗೆಯೇ. ಕಾರ್ಖಾನೆಯು ನಿಜ, ವಾಸನೆಯು ನಿಜ, ಕೊಬ್ಬು ತೆಗೆಯುತ್ತಿದ್ದದ್ದೂ ನಿಜ. ಒಂದು ಮಾತಿನ ಅರ್ಥ ಮಾತ್ರ ಕುದುರೆಯಿಂದ ಮನುಷ್ಯನಿಗೆ ಜಾರಿತು. ಮಿಕ್ಕದ್ದನ್ನು ಓದುವವರ ದುಃಖವೂ ಕೋಪವೂ ತುಂಬಿಸಿಕೊಂಡವು. ಶುದ್ಧ ಸುಳ್ಳನ್ನು ಗುರುತಿಸುವದು ಸುಲಭ. ಸತ್ಯದ ಅಂಗಿಯನ್ನು ತೊಟ್ಟು ಬರುವ ಸುಳ್ಳನ್ನು ಗುರುತಿಸುವದು ಕಷ್ಟ. ಸುಳ್ಳುಸಾಕ್ಷಿ ಹೇಳಬಾರದೆಂಬ ದೇವಾಜ್ಞೆಯನ್ನು ನಾವು ಬಾಲ್ಯದಿಂದ ಕಂಠಪಾಠ ಮಾಡಿದ್ದರೂ, ಅಂಗಿಯನ್ನು ಅದ್ದಿ ಕಳುಹಿಸುವವನೂ ಸುಳ್ಳುಸಾಕ್ಷಿಯೇ ಎಂಬದನ್ನು ಮರೆಯುತ್ತೇವೆ.

ಎರಡನೆಯ ಪ್ರಶ್ನೆ: ಈ ಅಪರಾಧದಲ್ಲಿ ಯಾರ ಪಾಲು ಎಷ್ಟು? ಅರ್ಥವನ್ನು ತಿಳಿದೂ ಜಾರಿಸಿದವನ ಪಾಲಿನ ವಿಷಯದಲ್ಲಿ ವಾದವಿಲ್ಲ. ವಿಚಾರಿಸದೆ ಅಚ್ಚುಹಾಕಿದವನ ಪಾಲೂ ಸ್ಪಷ್ಟವೇ. ನಮಗೆ ಹೆಚ್ಚು ಪಾಠ ಕಲಿಸುವದು ಸೆಸಿಲ್ ಅವರ ಉತ್ತರವೇ. ಆ ಉತ್ತರದಲ್ಲಿ ಸುಳ್ಳು ಮಾತು ಒಂದೂ ಇಲ್ಲ. ಜರ್ಮನ್ ಸೈನ್ಯವು ೧೯೧೪ರ ಆಗಸ್ಟಿನಲ್ಲಿ ಬೆಲ್ಜಿಯಮಿನ ಲೂವೆನ್ ಪಟ್ಟಣದ ಹಳೇ ಪುಸ್ತಕಭಂಡಾರವನ್ನು ಸುಟ್ಟದ್ದು ನಿಜ. ಡಿನಾನ್ ಎಂಬ ಊರಿನಲ್ಲಿ ಆರು ನೂರಕ್ಕೂ ಹೆಚ್ಚು ನಿರಾಯುಧ ಜನರನ್ನು ಕೊಂದದ್ದು ನಿಜ. ೧೯೧೫ರ ಎಪ್ರಿಲ್ ೨೨ರಂದು ಈಪರ್ ಪಟ್ಟಣದ ಬಳಿಯಲ್ಲಿ ವಿಷವಾಯುವನ್ನು ಬಿಟ್ಟದ್ದು ನಿಜ. ಆದರೆ ರುಜುವಾತಾದ ಪಾಪವನ್ನು ರುಜುವಾತಾಗದ ಪಾಪಕ್ಕೆ ಸಾಕ್ಷಿಯಾಗಿ ನಿಲ್ಲಿಸುವದು ನ್ಯಾಯವೋ? ನಮ್ಮ ಊರುಗಳಲ್ಲಿ ಒಬ್ಬನು ಎಂದೋ ಒಮ್ಮೆ ತೆಂಗಿನಕಾಯಿ ಕದ್ದು ಸಿಕ್ಕಿಬಿದ್ದಿರುತ್ತಾನೆ. ಆಮೇಲೆ ಯಾರ ಮನೆಯ ಕೋಳಿ ಕಾಣದೆ ಹೋದರೂ ಅವನ ಹೆಸರೇ ಬರುತ್ತದೆ. ‘ಅವನು ಮಾಡಿದನೆಂದು ನಾವು ಹೇಳುವದಿಲ್ಲ, ಆದರೆ ಮಾಡುವವನೇ ಅಲ್ಲವೋ?’ ಎನ್ನುತ್ತಾರೆ. ಹೀಗೆನ್ನುವವನು ಸುಳ್ಳು ಹೇಳಲಿಲ್ಲ. ಆದರೂ ಸುಳ್ಳು ಹೋಗುವದಕ್ಕೆ ಬಾಗಿಲು ತೆರೆದುಕೊಟ್ಟನು. ತನ್ನಲ್ಲಿ ಸಾಕ್ಷಿಯಿಲ್ಲವೆಂದು ತಿಳಿದಿರುವ ದೊಡ್ಡ ಮನುಷ್ಯನು ಹಾಗೆ ತೆರೆದರೆ, ಆ ಬಾಗಿಲಲ್ಲಿ ಲೋಕವೇ ನುಗ್ಗುತ್ತದೆ.

ಇನ್ನು ಓದಿ ನಂಬಿದವರ ಪಾಲು. ಇಲ್ಲಿ ನಾವು ಕಠಿಣರಾಗಬಾರದು. ಮಗನನ್ನು ಕಳಕೊಂಡ ಒಬ್ಬ ತಾಯಿಯನ್ನು ನೆನಸಿರಿ. ಅವಳಿಗೆ ಶವವನ್ನು ನೋಡುವದಕ್ಕೂ ಮಣ್ಣು ಕೊಡುವದಕ್ಕೂ ಅನುಕೂಲವಾಗಲಿಲ್ಲ. ಮಗನು ಯಾಕೆ ಸತ್ತನೆಂಬದಕ್ಕೆ ಅವಳಿಗೆ ಒಂದು ಉತ್ತರ ಬೇಕಾಗಿತ್ತು. ಅವನು ಇಂಥಾ ದುಷ್ಟರ ಸಂಗಡ ಹೋರಾಡಿ ಸತ್ತನೆಂದು ಆ ತುಂಡು ಅವಳಿಗೆ ಹೇಳಿತು. ಅವಳು ಅದನ್ನು ಇಟ್ಟುಕೊಂಡದ್ದು ದ್ವೇಷದಿಂದಲ್ಲ, ಮಗನ ಮರಣವು ವ್ಯರ್ಥವಾಗಲಿಲ್ಲವೆಂಬ ಆಶೆಯಿಂದ. ಯಾಕೋಬನು ಆ ಅಂಗಿಯನ್ನು ನಂಬಿದ್ದಕ್ಕೆ ದೇವರ ವಾಕ್ಯವು ಅವನನ್ನು ದೂಷಿಸುವದಿಲ್ಲ. ಈ ತಾಯಿಯನ್ನು ದೂಷಿಸುವದಕ್ಕೆ ನಾವು ಯಾರು? ಸಾಕ್ಷಿಯಿಲ್ಲದೆ ನಂಬುವದರಲ್ಲಿ ಅಜಾಗ್ರತೆ ಉಂಟು. ಆದರೆ ದುಃಖಪಡುವವನ ಅಜಾಗ್ರತೆಯನ್ನು ದೇವರೇ ತೂಗಲಿ. ಪಾಲು ಹೆಚ್ಚುವದು ಎಲ್ಲಿಯಂದರೆ, ಕೇಳಿದ ಕೇಡನ್ನು ರುಚಿಯಿಂದ ಮತ್ತೊಬ್ಬನಿಗೆ ಬಡಿಸುವಲ್ಲಿ, ಮತ್ತು ನಿವಾರಣೆಯ ಮಾತು ಬಂದಾಗ ಕಿವಿ ಮುಚ್ಚಿಕೊಳ್ಳುವಲ್ಲಿ. ನಂಬಿದ್ದು ದುಃಖದ ಕೆಲಸವಾಗಿರಬಹುದು. ತಿಳಿದ ಮೇಲೆಯೂ ಬಿಡದಿರುವದು ದ್ವೇಷದ ಕೆಲಸವೇ.

ಈ ಸಂಗತಿಯಲ್ಲಿ ನಮ್ಮ ಕನ್ನಡದೇಶದ ಸಭೆಗಳಿಗೆ ಒಂದು ವಿಶೇಷವಾದ ಸಂಬಂಧ ಉಂಟು. ೧೮೪೩ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲನೆಯ ವರ್ತಮಾನಪತ್ರವಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್ ಪಾದ್ರಿಗಳು ಜರ್ಮನರು, ೧೮೯೪ರಲ್ಲಿ ಅಚ್ಚಾದ ಕನ್ನಡ ನಿಘಂಟನ್ನು ಬರೆದ ಕಿಟೆಲ್ ಪಾದ್ರಿಗಳೂ ಜರ್ಮನರು. ಯುದ್ಧವು ಆರಂಭವಾದಾಗ ಬಾಸೆಲ್ ಮಿಶನಿನ ಜರ್ಮನ್ ಪಾದ್ರಿಗಳಲ್ಲಿ ಅನೇಕರು ಅಹಮದನಗರದ ಬಂಧನಶಿಬಿರಕ್ಕೆ ಕೊಂಡೊಯ್ಯಲ್ಪಟ್ಟು, ಆಮೇಲೆ ತಮ್ಮ ದೇಶಕ್ಕೆ ಕಳುಹಿಸಲ್ಪಟ್ಟರು. ಮಿಶನಿನ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ೧೯೧೯ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಇಂಗ್ಲಿಷ್ ಕಂಪೆನಿಯ ಕೈಸೇರಿದವು. ತಮಗೆ ಅಕ್ಷರ ಕಲಿಸಿ, ಜ್ವರ ಬಂದಾಗ ಔಷಧ ಕೊಟ್ಟು, ಸತ್ತವರ ಗೋರಿಯ ಬಳಿಯಲ್ಲಿ ನಿಂತು ಪ್ರಾರ್ಥಿಸಿದ ಮನುಷ್ಯನು ಯಾವ ಜನಾಂಗದವನೆಂದು ಬಲ್ಲವರ ಕೈಗೆ ಆ ಪತ್ರಿಕೆಯ ತುಂಡನ್ನು ಕೊಟ್ಟಿದ್ದರೆ, ಅವರು ಒಂದು ಗಳಿಗೆಯಾದರೂ ನಿಂತು ಯೋಚಿಸದೆ ಇರುತ್ತಿದ್ದರೋ? ಮುಖಪರಿಚಯವು ಸುಳ್ಳಿಗೆ ದೊಡ್ಡ ಅಡ್ಡಿ. ನಾವು ಯಾರ ಮುಖವನ್ನು ನೋಡಲಿಲ್ಲವೋ, ಯಾರ ಮನೆಯಲ್ಲಿ ನೀರು ಕುಡಿಯಲಿಲ್ಲವೋ, ಅವರ ವಿಷಯವಾಗಿ ಏನು ಹೇಳಿದರೂ ನಂಬುವದು ಸುಲಭ. ನಮ್ಮ ಊರಿನ ಒಂದು ಕೇರಿಯವರು ಇನ್ನೊಂದು ಕೇರಿಯವರ ವಿಷಯವಾಗಿ ಏನೇನನ್ನು ನಂಬುತ್ತಾರೆಂದು ನೋಡಿದರೆ ಇದಕ್ಕೆ ಬೇರೆ ದೃಷ್ಟಾಂತವು ಬೇಡ.

ಮೂರನೆಯ ಪ್ರಶ್ನೆ: ಹಳೇ ಸುಳ್ಳಿನಿಂದ ಇನ್ನೇನು ಹಾನಿ? ಸುಳ್ಳು ಹೇಳಿಸಿಕೊಂಡ ಜನರು ಸತ್ತುಹೋದರು, ಹೇಳಿದವರೂ ಸತ್ತುಹೋದರು, ಬಿಟ್ಟುಬಿಡಬಾರದೋ ಎಂದು ಕೆಲವರು ಕೇಳುವರು. ಇದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ, ಮತ್ತು ಆ ಉತ್ತರವು ಭಯಂಕರವಾಗಿದೆ.

ಎರಡನೆಯ ಮಹಾಯುದ್ಧವು ಬಂತು. ೧೯೪೨ರ ಜೂನ್ ೨೫ರಂದು ಲಂಡನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯಲ್ಲಿ, ಪೋಲೆಂಡ್ ದೇಶದಲ್ಲಿ ಜರ್ಮನರು ಏಳು ಲಕ್ಷ ಯೆಹೂದ್ಯರನ್ನು ಕೊಂದಿದ್ದಾರೆ, ವಿಷವಾಯುವನ್ನು ಕೂಡ ಉಪಯೋಗಿಸುತ್ತಿದ್ದಾರೆ ಎಂಬ ವರ್ತಮಾನವು ಬಂತು. ಅದು ಮೊದಲನೆಯ ಪುಟದಲ್ಲಿ ಬರಲಿಲ್ಲ. ಐದನೆಯ ಪುಟದಲ್ಲಿ ಬಂತು. ಈ ಸಾರಿ ವರ್ತಮಾನವು ಸತ್ಯವಾಗಿತ್ತು. ಆದರೆ ಜನರು ಒಂದು ಸಾರಿ ಮೋಸಹೋಗಿದ್ದರು. ೧೯೪೩ರ ಆಗಸ್ಟ್ ತಿಂಗಳಲ್ಲಿ ಇಂಗ್ಲಿಷ್ ವಿದೇಶಾಂಗ ಇಲಾಖೆಯ ಒಬ್ಬ ಹಿರಿಯ ಅಧಿಕಾರಿಯು, ವಿಷವಾಯುವಿನ ಕೋಣೆಗಳ ಈ ಮಾತು ಹಿಂದಿನ ಯುದ್ಧದಲ್ಲಿ ಶವಗಳಿಂದ ಕೊಬ್ಬು ತೆಗೆದರೆಂಬ ಆ ಸುಳ್ಳನ್ನು ತನಗೆ ಜ್ಞಾಪಕಪಡಿಸುತ್ತದೆಂದು ತನ್ನ ಟಿಪ್ಪಣಿಯಲ್ಲಿ ಬರೆದನು. ಅದೇ ತಿಂಗಳ ಕಡೆಯಲ್ಲಿ ಹೊರಡಿಸಿದ ಸರಕಾರದ ಪ್ರಕಟಣೆಯೊಳಗಿಂದ ವಿಷವಾಯುವಿನ ಕೋಣೆಗಳ ಮಾತು ತೆಗೆದುಹಾಕಲ್ಪಟ್ಟಿತು. ೧೯೪೫ರ ಜನವರಿ ೨೭ರಂದು ಆಷ್ವಿಟ್ಸ್ ಶಿಬಿರದ ಬಾಗಿಲು ತೆರೆಯಲ್ಪಟ್ಟು, ಯುದ್ಧವು ಮುಗಿದ ಮೇಲೆ ಲೆಕ್ಕ ಮಾಡಿದಾಗ, ಸುಮಾರು ಅರುವತ್ತು ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟರೆಂದು ಲೋಕವು ತಿಳಿಯಿತು. ಆ ಹಳೇ ಸುಳ್ಳೊಂದೇ ಇವರ ಕೂಗನ್ನು ಅಡಗಿಸಿತೆಂದು ಹೇಳುವದು ಸರಿಯಲ್ಲ. ಬೇರೆ ಕಾರಣಗಳು ಬಹಳ ಇದ್ದವು. ಆದರೆ ಅದೂ ಒಂದು ಕೈ ಹಾಕಿತೆಂಬದಕ್ಕೆ ಆ ಅಧಿಕಾರಿಯ ಟಿಪ್ಪಣಿಯೇ ಸಾಕ್ಷಿ.

ವಾಚಕರೇ, ಇದನ್ನು ಚೆನ್ನಾಗಿ ಗಮನಿಸಿರಿ. ಸುಳ್ಳುಸಾಕ್ಷಿಯಿಂದ ಹಾನಿಯಾಗುವದು ಯಾರ ಮೇಲೆ ಅದನ್ನು ಹೇಳಿದರೋ ಅವರಿಗೇ ಎಂದು ನಾವು ಎಣಿಸುತ್ತೇವೆ. ಹಾಗಲ್ಲ. ಇಪ್ಪತ್ತೈದು ವರುಷಗಳಾದ ಮೇಲೆ ನಿಜವಾಗಿ ಪ್ರಾಣಸಂಕಟಕ್ಕೆ ಬಿದ್ದು ಕೂಗುವವನ ಬಾಯಿಯಿಂದ ಅದು ನಂಬಿಕೆಯನ್ನು ಕದ್ದುಕೊಳ್ಳುತ್ತದೆ. ಒಬ್ಬನು ಸುಮ್ಮಗೆ ಹುಲಿ ಹುಲಿ ಎಂದು ಕೂಗಿದರೆ ಅವನನ್ನೇ ಹುಲಿ ತಿಂದಿತೆಂಬ ಕಥೆ ಇದೆಯಷ್ಟೆ. ಲೋಕದಲ್ಲಿ ನಡೆಯುವದು ಅದಕ್ಕಿಂತಲೂ ಕ್ರೂರವಾದದ್ದು. ಕೂಗಿದವನು ಮನೆಯಲ್ಲಿ ಸುಖವಾಗಿರುತ್ತಾನೆ. ಹುಲಿಯು ಬೇರೊಬ್ಬನ ಮಗುವನ್ನು ತಿನ್ನುತ್ತದೆ. ಪತ್ರಿಕೆಯ ತುಂಡಿನ ಹುಳಿಯು ಪಕ್ಕದಲ್ಲಿದ್ದ ಒಳ್ಳೇ ಕಾಗದಕ್ಕೆ ಇಳಿಯುತ್ತದೆಂದು ಮೇಲೆ ಹೇಳಿದೆವಲ್ಲಾ. ಸುಳ್ಳಿನ ಹುಳಿಯೂ ಹಾಗೆಯೇ ಸತ್ಯದ ಮೇಲೆ ಕಲೆಯಾಗಿ ಇಳಿಯುತ್ತದೆ.

ನಾವು ಬಡ ಹಳ್ಳಿಯವರು, ಲಂಡನಿನ ಪತ್ರಿಕೆಗಳ ಪಾಪವು ನಮಗೆ ಎಲ್ಲಿಯದು ಎಂದು ಯಾರೂ ನೆನಸಬಾರದು. ಈಗ ಕತ್ತರಿಯೂ ಬೇಡ, ಪೆಟ್ಟಿಗೆಯೂ ಬೇಡ. ಕೈಯಲ್ಲಿರುವ ಫೋನೇ ಕತ್ತರಿ, ಅದೇ ಪೆಟ್ಟಿಗೆ, ಅದೇ ಅಚ್ಚುಕೂಟ. ೨೦೧೮ರಲ್ಲಿ ಮಕ್ಕಳನ್ನು ಕದಿಯುವವರು ಬಂದಿದ್ದಾರೆಂಬ ಸುದ್ದಿಯು ವಾಟ್ಸಾಪಿನಲ್ಲಿ ದೇಶವೆಲ್ಲಾ ಹರಡಿತು. ಆಗ ಹರಡಿದ ವೀಡಿಯೊಗಳಲ್ಲಿ ಒಂದು, ಮಕ್ಕಳ ವಿಷಯದಲ್ಲಿ ಜಾಗ್ರತೆಯಾಗಿರ್ರೆಂದು ತಂದೆತಾಯಿಗಳಿಗೆ ಬುದ್ಧಿಹೇಳುವದಕ್ಕಾಗಿ ಕರಾಚಿ ಪಟ್ಟಣದಲ್ಲಿ ನಟಿಸಿ ತೆಗೆದದ್ದು. ಅದರ ಕಡೆಯಲ್ಲಿ, ಎತ್ತಿಕೊಂಡು ಹೋದ ಮಗುವನ್ನು ತಿರಿಗಿ ತಂದುಬಿಟ್ಟು ಬುದ್ಧಿವಾದದ ಹಲಗೆಯನ್ನು ತೋರಿಸುವ ಭಾಗವಿತ್ತು. ಯಾರೋ ಆ ಭಾಗವನ್ನು ಕತ್ತರಿಸಿ ಎಸೆದು, ಮಿಕ್ಕದ್ದನ್ನು ಕಳುಹಿಸಿದರು. ಆ ವರುಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ಒಬ್ಬ ಯೌವನಸ್ಥನನ್ನು ಮಕ್ಕಳ ಕಳ್ಳನೆಂದು ಜನರು ಕಟ್ಟಿ ಹೊಡೆದು ಕೊಂದರು. ಜುಲೈ ೧೩ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ಗುಂಪಿನಲ್ಲಿ ಒಬ್ಬನನ್ನು ಕೊಂದು ಮಿಕ್ಕವರನ್ನು ಗಾಯಪಡಿಸಿದರು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅವರ ಮೇಲೆ ಸಂಶಯ ಬರುವದಕ್ಕೆ ಕಾರಣವಾಯಿತು. ಕೊಂದವರು ನಮ್ಮ ನಿಮ್ಮ ಹಾಗೆ ಮಕ್ಕಳುಳ್ಳವರು, ಮಕ್ಕಳ ಮೇಲಣ ಪ್ರೀತಿಯಿಂದಲೇ ಹೆದರಿದವರು. ಅವರಿಗೆ ಸಿಕ್ಕಿದ್ದೂ ಅದ್ದಿದ ಅಂಗಿಯೇ.

ಕಡೆಯ ಪ್ರಶ್ನೆ: ಪೆಟ್ಟಿಗೆಯಲ್ಲಿ ಸಿಕ್ಕಿದ ತುಂಡನ್ನು ಏನು ಮಾಡಬೇಕು? ಸುಟ್ಟುಬಿಡಿರಿ ಎನ್ನುವವರು ಒಂದು ಒಳ್ಳೇ ಕಾರಣವನ್ನು ಹೇಳುತ್ತಾರೆ. ನೋಹನ ಇಬ್ಬರು ಮಕ್ಕಳು ಹಿಂದುಹಿಂದಾಗಿ ನಡೆದು ತಂದೆಯ ಮಾನವನ್ನು ಮುಚ್ಚಿದರು. ಹಾಗೆಯೇ ಹಿರಿಯರ ಅಜ್ಞಾನವನ್ನು ಮಕ್ಕಳು ಮುಚ್ಚತಕ್ಕದ್ದಲ್ಲವೋ? ನಾವು ಈ ಮಾತನ್ನು ಹಗುರವಾಗಿ ತಳ್ಳುವದಿಲ್ಲ. ಅಜ್ಜಿಯ ತಪ್ಪನ್ನು ಊರಿಗೆ ತೋರಿಸಿ ನಗುವ ಮೊಮ್ಮಗನು ಒಳ್ಳೇ ಮೊಮ್ಮಗನಲ್ಲ. ಆದರೂ ಮುಚ್ಚುವದು ಬೇರೆ, ಇಲ್ಲದಂತೆ ಮಾಡುವದು ಬೇರೆ. ನೋಹನ ಆ ವೃತ್ತಾಂತವನ್ನೇ ನೋಡಿರಿ. ಮಕ್ಕಳು ಮುಚ್ಚಿದರೆಂದು ಬರೆದ ಪುಸ್ತಕವು ನೋಹನು ಕುಡಿದು ಮಲಗಿದ್ದನೆಂಬದನ್ನೂ ಬರೆದಿದೆ. ಶಾಸ್ತ್ರವು ದೇವಜನರ ಕುಟುಂಬದ ಕಾಗದಪತ್ರಗಳ ಪೆಟ್ಟಿಗೆಯಂತಿದೆ. ಅದರಲ್ಲಿ ದಾವೀದನ ಪಾಪವೂ ಪೇತ್ರನು ಅಲ್ಲಗಳೆದದ್ದೂ ಹರಿದುಹಾಕಲ್ಪಡದೆ ಉಳಿದಿವೆ. ಆದರೆ ಅವು ಒಂಟಿಯಾಗಿ ಉಳಿಯಲಿಲ್ಲ. ಪಾಪದ ಪಕ್ಕದಲ್ಲಿ ಗದರಿಕೆಯೂ, ಗದರಿಕೆಯ ಪಕ್ಕದಲ್ಲಿ ಪಶ್ಚಾತ್ತಾಪವೂ ಬರೆದಿದೆ. ಇದೇ ನಮಗೆ ಮಾದರಿಯಾಗಿರಲಿ.

ಮೇಲಾಗಿ, ಸುಟ್ಟ ಸುಳ್ಳು ಸತ್ತಿತೆಂದು ಹೇಳುವ ಹಾಗಿಲ್ಲ. ಕಾಗದವು ಬೂದಿಯಾದರೂ ಮಾತು ಬಾಯಿಂದ ಬಾಯಿಗೆ ಹೋಗುತ್ತದೆ. ಆಗ ಅದು ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು, ಹೇಗೆ ಬಯಲಾಯಿತು ಎಂದು ತೋರಿಸುವ ಗುರುತೇ ಇಲ್ಲದೆ ಹೋಗುತ್ತದೆ. ಇಟ್ಟ ತುಂಡಾದರೋ, ಬಲ್ಲವನ ಕೈಯಲ್ಲಿ ಸುಳ್ಳಿನ ವಿರೋಧವಾಗಿಯೇ ಸಾಕ್ಷಿ ಹೇಳುತ್ತದೆ. ಆದರೆ ಅದನ್ನು ಹೇಗಾದರೂ ಇಡ್ರೆಂದು ನಾವು ಹೇಳುವದಿಲ್ಲ. ಸಂಗತಿಯನ್ನು ಬಲ್ಲವನು ಸಾಕ್ಷಿ ಹೇಳದೆ ಸುಮ್ಮಗಿದ್ದರೆ ಅಪರಾಧಿಯಾಗುವನೆಂದು ಮೋಶೆಯ ಧರ್ಮಶಾಸ್ತ್ರವು ಕಲಿಸುತ್ತದೆ. ಅಜ್ಜಿಗೆ ತಿಳಿದಿರಲಿಲ್ಲ, ಮೊಮ್ಮಗನಿಗೆ ತಿಳಿದಿದೆ. ತಿಳಿದ ದಿವಸದಿಂದ ಅವನ ಪಾಲು ಆರಂಭವಾಗುತ್ತದೆ. ಆದಕಾರಣ ಅವನು ಆ ತುಂಡನ್ನು ತಾಯಿಯ ಕಾಗದಗಳ ಮೇಲಿನಿಂದ ಎತ್ತಿ, ಕಲೆ ಹತ್ತದಂತೆ ಬೇರೆ ಒಂದು ಒಳ್ಳೇ ಕಾಗದದೊಳಗೆ ಮಡಿಸಿ, ಆ ಕಾಗದದ ಮೇಲೆ ತನ್ನ ಕೈಯಿಂದ ಹೀಗೆ ಬರೆಯಲಿ: ಇದು ೧೯೧೭ರಲ್ಲಿ ಅಚ್ಚಾಯಿತು, ಇದು ನಿಜವಲ್ಲ, ೧೯೨೫ರಲ್ಲಿ ಅದು ಸುಳ್ಳೆಂದು ಪಾರ್ಲಿಮೆಂಟಿನಲ್ಲಿ ಒಪ್ಪಿಕೊಳ್ಳಲ್ಪಟ್ಟಿತು, ನಮ್ಮ ಅಜ್ಜಿಯು ದುಃಖದಲ್ಲಿದ್ದು ಇದನ್ನು ನಂಬಿದಳು. ನಾಲ್ಕೇ ಮಾತು. ಇದರಿಂದ ಅಜ್ಜಿಗೆ ಮಾನ, ಶತ್ರುವಿಗೆ ನ್ಯಾಯ, ಮುಂದೆ ಓದುವ ಮಗುವಿಗೆ ಬುದ್ಧಿ, ಮೂರೂ ಒಟ್ಟಿಗೆ ದೊರೆಯುತ್ತವೆ.

ನಮ್ಮ ಸಭೆಗಳಲ್ಲಿ ಇಂಗ್ಲಿಷ್ ಪತ್ರಿಕೆಯ ತುಂಡು ಯಾರ ಪೆಟ್ಟಿಗೆಯಲ್ಲಿಯೂ ಇರಲಿಕ್ಕಿಲ್ಲ. ಆದರೆ ನೆರೆಯವನ ಕುಲದ ವಿಷಯವಾಗಿ, ಮತದ ವಿಷಯವಾಗಿ, ಪಾಲಿಗೆ ವ್ಯಾಜ್ಯ ಹೂಡಿದ ದಾಯಾದಿಯ ವಿಷಯವಾಗಿ ನಮ್ಮ ಹಿರಿಯರು ಹೇಳಿಕೊಟ್ಟ ಒಂದೊಂದು ಮಾತು ನಮ್ಮ ಹೃದಯವೆಂಬ ಪೆಟ್ಟಿಗೆಯಲ್ಲಿ ಮಡಿಸಿಟ್ಟಿರುತ್ತದೆ. ‘ಅವರ ಅಜ್ಜನು ನಮ್ಮ ಅಜ್ಜನಿಗೆ ಹೀಗೆ ಮಾಡಿದನಂತೆ’ ಎಂಬ ಆ ಮಾತನ್ನು ಯಾರು ನೋಡಿದರು? ಯಾರು ವಿಚಾರಿಸಿದರು? ಅದಕ್ಕೆ ನಿವಾರಣೆಯು ಎಂದಾದರೂ ಬಂದಿತ್ತೋ? ಬಂದಿದ್ದರೆ ನಮ್ಮವರು ಅದನ್ನು ಯಾಕೆ ಇಟ್ಟುಕೊಳ್ಳಲಿಲ್ಲ? ಒಂದು ಸಾಯಂಕಾಲ, ಕೆಲಸ ತೀರಿಸಿ ದೀಪ ಹಚ್ಚಿದ ಮೇಲೆ, ಮನೆಯವರೆಲ್ಲರು ಕೂತು ಇಂಥಾ ಒಂದು ಮಾತನ್ನು ಹೊರಗೆ ತೆಗೆದು ವಿಚಾರಿಸಿರಿ. ಸಾಧ್ಯವಾದರೆ ಆ ದಾಯಾದಿಯ ಮನೆಗೇ ಹೋಗಿ, ಅವರ ಪೆಟ್ಟಿಗೆಯಲ್ಲಿ ಏನಿದೆಯೆಂದು ಕೇಳಿರಿ. ಅಲ್ಲಿ ಕೂತು ನೀರು ಕುಡಿದು ಬನ್ನಿರಿ. ಫೋನಿಗೆ ಯಾರ ವಿಷಯವಾಗಿಯಾದರೂ ಕೇಡಿನ ಮಾತು ಬಂದರೆ, ಅದರ ಕಡೆಯ ಭಾಗವನ್ನು ಕತ್ತರಿಸಿದವರು ಯಾರೆಂದು ಕೇಳುವದಕ್ಕೆ ಮುಂಚೆ ಅದನ್ನು ಮತ್ತೊಬ್ಬರಿಗೆ ದಾಟಿಸಬೇಡಿರಿ. ನಮ್ಮ ಮಾತನ್ನು ಲೋಕವು ನಂಬಬೇಕಾದ ದಿವಸವು ನಮಗೂ ಬರಬಹುದು. ನಮ್ಮ ಮಕ್ಕಳು ನಿಜವಾದ ಸಂಕಟದಲ್ಲಿ ಕೂಗಬೇಕಾದ ದಿವಸವೂ ಬರಬಹುದು. ಆ ಕೂಗಿಗೆ ಕಿವಿಗಳು ತೆರೆದಿರಬೇಕಾದರೆ ನಾವು ಈಗಲೇ ಸುಳ್ಳಿಗೆ ನಮ್ಮ ಬಾಯನ್ನು ಮುಚ್ಚಬೇಕು.